ಎಡಕ್ಕೆ ಬಿಸಿ, ಬಲಕ್ಕೆ ತಣ್ಣೀರು

ಮುಹರ್ರಕ್ಕಿನ ಹಳೇ ಓಣಿಗೆ ವ್ಯಾನು ನುಗ್ಗುವುದಿಲ್ಲ.
ಮಸೀದಿಯ ಬಳಿ ಬಿಟ್ಟು
ಟೇಪು, ಸೀಮೆಸುಣ್ಣ, ನೀರು ತುಂಬಿದ ಮಟ್ಟದ ನಳಿಗೆ ಹಿಡಿದು
ನಾನು ಮುಂದೆ, ಸಿಲ್ಹೆಟ್ಟಿನ ಮತೀನ್ ಹಿಂದೆ.
ಉಮ್ಮ್ ಯೂನಿಸಳ ಬಚ್ಚಲು:
ಉದ್ದ ಏಳೂವರೆ ಅಡಿ, ಅಗಲ ಐದಕ್ಕೆ ಎರಡು ಬೆರಳು ಕಡಿಮೆ.

ಮಗಳು ಶೈಮಾಳ ಫೋನಿನೊಳಗೆ ಬೇರೊಂದು ಬಚ್ಚಲಿದೆ.
ಅಲ್ಲಿ ಕಮೋಡು ಕಿಟಕಿಯ ಕೆಳಗೆ,
ಚಾವಣಿಯಿಂದ ಮಳೆ ಸುರಿಸುವ ಶವರು,
ಯಾರೂ ಮಿಂದ ಗುರುತಿಲ್ಲದ ಬಿಳೀ ಟಬ್ಬು.
ಒಂದು ಪೈಪೂ ಕಾಣುವುದಿಲ್ಲ.
ಕಾಣದಿರುವುದೇ ನನ್ನ ಕಸುಬು.

ನೋಡಮ್ಮ, ಎಂದೆ.
(ನನ್ನ ಅರಬಿಯಲ್ಲಿ ಗಂಡು ಹೆಣ್ಣು ತಪ್ಪುತ್ತದೆ, ಅಳತೆ ತಪ್ಪುವುದಿಲ್ಲ.)
ಬರುವ ನೀರು ಹೇಳಿದ ಕಡೆ ಬರುತ್ತದೆ,
ಗೋಡೆ ಹತ್ತು ಎಂದರೆ ಹತ್ತುತ್ತದೆ, ಮೂಲೆ ತಿರುಗುತ್ತದೆ.
ಹೋಗುವ ನೀರಿನ ಹತ್ತಿರ ಯಾರ ಮಾತೂ ನಡೆಯದು.
ಅದಕ್ಕೆ ಇಳಿಜಾರು ಬೇಕು, ಮೀಟರಿಗೆ ಎರಡು ಸೆಂಟಿ.
ಕಿಟಕಿಯಿಂದ ಹೊರಗಿನ ಚೇಂಬರಿಗೆ ಮೂರು ಮೀಟರು;
ಆರು ಸೆಂಟಿ ಎಲ್ಲಿಂದ ತರಲಿ?
ನೆಲ ಎತ್ತಿದರೆ ಬಾಗಿಲಲ್ಲೊಂದು ಮೆಟ್ಟಿಲು.

ಮೆಟ್ಟಿಲು ಅಂದದ್ದೇ ಉಮ್ಮ್ ಯೂನಿಸ್
ತನ್ನ ಮೊಣಕಾಲನ್ನು ನೋಡಿಕೊಂಡಳು,
ಅದರ ಅಭಿಪ್ರಾಯ ಕೇಳುವವಳಂತೆ.

ಸರಿ, ಕಮೋಡು ಇದ್ದಲ್ಲೇ ಇರಲಿ. ಮುಖ ತಿರುಗಿಸಿದರಾಯಿತು:
ಹಳೆಯ ಮೇಸ್ತ್ರಿ ಅದನ್ನು ಪಶ್ಚಿಮಕ್ಕೆ, ಕಿಬ್ಲಾಕ್ಕೆ ಎದುರಾಗಿ ಕೂರಿಸಿಬಿಟ್ಟಿದ್ದ.
ಮೂವತ್ತು ವರ್ಷ ಆಕೆ ಓರೆಯಾಗಿ ಕೂತಿದ್ದಾಳಂತೆ.
ಒಂದು ಎಲ್ಬೋ ಸಾಕು, ಎಂದೆ. ಒಂದೂವರೆ ದಿನಾರು.
ಮೂವತ್ತು ವರ್ಷ! ಒಂದೂವರೆ ದಿನಾರು!
ಆಕೆ ನಕ್ಕ ರಭಸಕ್ಕೆ ಮತೀನ್ ಬೆಚ್ಚಿ
ನಳಿಗೆಯ ನೀರು ಅವನ ತೋಳಿಗೆ ತುಳುಕಿತು.

ಗಾರೆ ಕೆರೆದು ನೋಡಿದೆ. ಹಿಂದೆ ಹವಳದ ಕಲ್ಲು,
ಕಲ್ಲಲ್ಲಿ ಚಿಪ್ಪು, ಚಿಪ್ಪಲ್ಲಿ ಮರಳು.
ಗಂಗೊಳ್ಳಿಯಲ್ಲಿ ನಮ್ಮಪ್ಪ ಇಂಥವನ್ನೇ ಸುಟ್ಟು ಸುಣ್ಣ ಮಾಡುತ್ತಿದ್ದ.
ಇಲ್ಲಿ ಉಳಿ ಇಟ್ಟರೆ ಗೋಡೆ ಕಡಲಾಗಿ ಉದುರುತ್ತದೆ.
ಪೈಪು ಒಳಗೆ ಹೂಳುವಂತಿಲ್ಲ; ಮೇಲೇ ಓಡಿಸಿ
ಮುಂದೊಂದು ಇಟ್ಟಿಗೆಯ ಗೋಡೆ ಎಬ್ಬಿಸಬೇಕು.
ನಾಲ್ಕಿಂಚು ಹೋಯಿತು.
ಟಬ್ಬು ಹೋಯಿತು.
ಶೈಮಾ ಫೋನನ್ನು ಚೀಲಕ್ಕಿಟ್ಟಳು.

ಇನ್ನು ಗೆರೆ. ಎಡಕ್ಕೆ ಕೆಂಪು, ಬಲಕ್ಕೆ ನೀಲಿ,
ನಡುವೆ ಆರಿಂಚು. ಲೋಕವೆಲ್ಲ ಹೀಗೇ.
ಈ ದ್ವೀಪದ ಜುಲೈ ಮಾತ್ರ ಲೋಕದ್ದಲ್ಲ.
ತಾರಸಿಯ ಟ್ಯಾಂಕು ಕುದಿದು ನೀಲಿ ನಲ್ಲಿ ಕೈ ಸುಡುತ್ತದೆ;
ಆರಿಸಿಟ್ಟ ಗೀಸರಿನ ಹೊಟ್ಟೆಯಲ್ಲಿ
ಒಂದು ದಿನ ಸುಮ್ಮನೆ ನಿಂತ ನೀರು
ಕೆಂಪು ನಲ್ಲಿಯಿಂದ ತಂಪಾಗಿ ಬರುತ್ತದೆ.
ನಮ್ಮ ರೂಮಿನಲ್ಲಿ ಒಂಬತ್ತು ಜನಕ್ಕೆ ಗೀಸರಿಲ್ಲ,
ರಾತ್ರಿಯೇ ಡ್ರಮ್ಮು ತುಂಬಿಟ್ಟು ಬೆಳಗಿನ ಮೂರಕ್ಕೆ ಸರದಿ.
ತಣ್ಣೀರನ್ನಾದರೂ ಆರಿಸಿ ಕುಡಿ:
ಊರಲ್ಲಿ ಅದು ಬುದ್ಧಿಮಾತು, ಇಲ್ಲಿ ಪ್ಲಂಬಿಂಗು.
ಗಾದೆಯನ್ನು ಹೇಗೋ ಅರಬಿಗೆ ದಾಟಿಸಿದೆ.
ಆಕೆ ಎರಡು ಸಲ ಹೇಳಿಸಿಕೊಂಡು, ಪಾಪ,
ನಿಮ್ಮೂರೂ ಇಷ್ಟು ಸುಡುತ್ತದಾ, ಎಂದಳು.

ಅಸರ್ ಕೂಗಿತು. ವುಜೂ ಮಾಡಿ ಬಂದವಳು
ಗೋಡೆಯ ಮೇಲೆ, ನೆಲದಿಂದ ಒಂದೂವರೆ ಅಡಿಗೆ,
ಬಗ್ಗಿ ಅಂಗೈ ಊರಿದಳು: ಇಲ್ಲೊಂದು ನಲ್ಲಿ. ಬಕೆಟ್ಟಿಗೆ.
ಯಾರಮ್ಮಾ ಈಗ ಬಕೆಟ್ಟಲ್ಲಿ, ಎಂದಳು ಶೈಮಾ.
ನಾನು ನಡುವೆ ಬಾಯಿ ಹಾಕಲಿಲ್ಲ.
ಒದ್ದೆ ಅಂಗೈಯ ಗುರುತು ಆರುವ ಮೊದಲು
ಸುತ್ತ ಸೀಮೆಸುಣ್ಣ ಎಳೆದೆ.

ಎಷ್ಟು ಟೀ ಬರೆಯಲಿ, ಎಂದ ಮತೀನ್.
ಎರಡು, ಎಂದೆ. ಕೆಂಪಿನಿಂದ ಒಂದು, ನೀಲಿಯಿಂದ ಒಂದು.
ಯಾವ ತಿಂಗಳಲ್ಲಿ ಮೀಯುತ್ತಾಳೋ.